ನೀಲಕ್ಕನ ಕೇರಂ ಬೋರ್ಡು

ನಾನು ಒಂದು ಕೇರಂ ಬೋರ್ಡು. ಹುಬ್ಬಳ್ಳಿಯ ಒಂದು ಮರಗೆಲಸದ ಅಂಗಡಿಯಲ್ಲಿ, ಪ್ಲೈವುಡ್ಡಿನ ಒಂದು ಹಲಗೆಗೆ ನಾಲ್ಕು ದಪ್ಪ ಪಟ್ಟಿಗಳನ್ನು ಕೂಡಿಸಿ ನನ್ನನ್ನು ಮಾಡಿದರು. ಮೈಯನ್ನು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ನುಣ್ಣಗಾಗಿಸಿದರು. ಮೂಲೆಗಳಲ್ಲಿ ಗುಂಡಿ ಕೊರೆದು, ಕೆಳಗೆ ನೂಲಿನ ಜಾಳಿಗೆ ಕಟ್ಟಿದರು. ಕೊನೆಗೆ ಅಂಗಡಿಯ ಯಜಮಾನ ನನ್ನ ಮೇಲೆ ಸ್ಟ್ರೈಕರ್ ಇಟ್ಟು ಒಮ್ಮೆ ಜೋರಾಗಿ ಬಿಟ್ಟ. ಅದು ಆ ಗೋಡೆಗೆ ಬಡಿದು, ಈ ಗೋಡೆಗೆ ಬಡಿದು, ಸುಸ್ತಾಗಿ ನಡುವೆ ಬಂದು ನಿಂತಿತು. "ಚಲೋ ಆತು" ಎಂದ. ನಾನು ಕೇಳಿದ ಮೊದಲ ಮಾತು ಅದು.

ನಾನು ಮನುಷ್ಯರನ್ನು ನೋಡುವುದು ಕೆಳಗಿನಿಂದ. ಮೊದಲು ಬೆರಳು ಕಾಣುತ್ತದೆ, ಆಮೇಲೆ ಗದ್ದ, ಅದರಾಚೆ ತಿರುಗುವ ಫ್ಯಾನು. ಹೀಗಾಗಿ ನನಗೆ ಯಾರದಾದರೂ ಗುರುತು ಸಿಗುವುದು ಮುಖದಿಂದಲ್ಲ, ಬೆರಳಿನಿಂದ.

ನನ್ನನ್ನು ಮೊದಲು ಕೊಂಡವರು ಗದಗಿನ ಒಂದು ಅಂಚೆ ಕಚೇರಿಯ ನೌಕರರು. ಊಟದ ಬಿಡುವಿನಲ್ಲಿ ಆಡಲೆಂದು ಅವರಿಗೊಂದು ಸಣ್ಣ ಕೋಣೆ ಇತ್ತು. ಅಲ್ಲಿ ಬರುತ್ತಿದ್ದವರೆಲ್ಲ ಗಂಡಸರು. ಬೆರಳ ತುದಿಯಲ್ಲಿ ಮುದ್ರೆಯ ಮಸಿ. ಅವರ ಪೈಕಿ ಹನಮಂತಗೌಡರು ಎಂಬ ಹಿರಿಯರನ್ನು ಸೋಲಿಸುವವರೇ ಇರಲಿಲ್ಲ. ಒಂದು ದಿನ ಜೋಡಿ ಆಟಕ್ಕೆ ಒಬ್ಬರು ಕಡಿಮೆಯಾದರು. ಬಾಗಿಲ ಬಳಿ ಡಬ್ಬಿ ಹಿಡಿದು ನಿಂತು ಆಟ ನೋಡುತ್ತಿದ್ದ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯನ್ನು ಗೌಡರು ತಮಾಷೆಗೆ ಕೇಳಿದರು.

"ಬಾಯಾರ, ನಿಮಗ ಬರತೈತೇನ್ರಿ?"

"ನೋಡೂಣ್ರಿ" ಎಂದಳು ಅವಳು. ಡಬ್ಬಿ ಕೆಳಗಿಟ್ಟು ಕುಳಿತಳು.

ಅವಳ ಹೆಸರು ನೀಲಾಂಬಿಕಾ. ಉದ್ದನೆಯ, ತೆಳ್ಳಗಿನ ತೋರುಬೆರಳು. ಅವಳು ಸ್ಟ್ರೈಕರನ್ನು ಹೊಡೆಯುತ್ತಿರಲಿಲ್ಲ, ಕಳಿಸುತ್ತಿದ್ದಳು. ಅದು ಸದ್ದಿಲ್ಲದೆ ಹೋಗಿ ಕಾಯಿಯ ಅಂಚನ್ನು ಸವರಿದರೆ ಸಾಕು, ಕಾಯಿ ತಾನಾಗಿ ಗುಂಡಿಗೆ ಇಳಿಯುತ್ತಿತ್ತು. ಆ ಮಧ್ಯಾಹ್ನ ಗೌಡರು ಸೋತರು. ಎದ್ದುಹೋಗಿ ಮುಖ ತೊಳೆದು ಬಂದು, "ಇನ್ನೊಮ್ಮೆ ಹಾಕ್ರಿ" ಎಂದರು. ಮತ್ತೆ ಸೋತರು. ಅಂದಿನಿಂದ ಅವಳು ಆ ಕೋಣೆಯವಳಾದಳು.

ಕೆಲವು ವರ್ಷಗಳ ನಂತರ ಕಚೇರಿಗೆ ಹೊಸ ಬೋರ್ಡು ಬಂತು. ನಿವೃತ್ತರಾಗುವ ಮುಂಚೆ ಗೌಡರೇ ಹೇಳಿ ನನ್ನನ್ನು ನೀಲಾಂಬಿಕಾಗೆ ಕೊಡಿಸಿದರು. ಅವಳ ಗಂಡ ಗುರುಪಾದಪ್ಪ, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಾಸ್ತರು, ನನ್ನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬೆಟಗೇರಿಯ ತಮ್ಮ ಮನೆಗೆ ತಂದರು. ಮಾಸುತ್ತಿದ್ದ ನನ್ನ ಗೆರೆಗಳಿಗೆ ಹೊಸ ಬಣ್ಣ ತುಂಬಿದರು. ಆಟ ಮಾತ್ರ ಅವರಿಗೆ ಕಡೆಯವರೆಗೂ ಹತ್ತಲಿಲ್ಲ.

ಆಟಕ್ಕೆ ಸಿಕ್ಕವಳು ಎದುರು ಮನೆಯ ಜುಬೇದಾ. ನೀಲಾಂಬಿಕಾಳನ್ನು ಅವಳು ನೀಲಕ್ಕ ಎಂದು ಕರೆಯುತ್ತಿದ್ದಳು. ಅವಳದು ಪೇಟೆಯಲ್ಲಿ ಬಳೆ ಅಂಗಡಿ. ಅಣ್ಣಂದಿರ ಜೊತೆ ಜಗಳವಾಡುತ್ತ ಕೇರಂ ಕಲಿತವಳು. ರವಿವಾರ ಮಧ್ಯಾಹ್ನ ಅಂಗಡಿಯನ್ನು ತಂಗಿಗೆ ಒಪ್ಪಿಸಿ ಬರುತ್ತಿದ್ದಳು. ಬಂದವಳೇ ಬಳೆಗಳನ್ನು ಮೊಳಕೈತನಕ ಸರಿಸಿಕೊಂಡು ಎಂಥ ಪೆಟ್ಟು ಕೊಡುತ್ತಿದ್ದಳೆಂದರೆ ನನ್ನ ಪಟ್ಟಿಗಳು ಅದುರುತ್ತಿದ್ದವು. ನೀಲಕ್ಕ ಮೆಲ್ಲಗೆ, ಜುಬೇದಾ ಜೋರಾಗಿ. ಇಬ್ಬರೂ ಸೋಲು ಒಪ್ಪುವವರಲ್ಲ. "ನಿನ್ನ ಕೈ ಗೆರಿ ದಾಟೇತಿ" ಎಂದು ಒಬ್ಬಳು, "ನಿನ್ನ ಕಣ್ಣ ದಾಟೇತಿ" ಎಂದು ಇನ್ನೊಬ್ಬಳು. ಮಾಸ್ತರು ಚಹಾ ತಂದಿಟ್ಟು ಸದ್ದಿಲ್ಲದೆ ಒಳಗೆ ಹೋಗುತ್ತಿದ್ದರು.

ಹೀಗೆ ಬಹಳ ವರ್ಷ ನಡೆಯಿತು. ಅಷ್ಟೊತ್ತಿಗೆ ನೀಲಕ್ಕನಿಗೆ ಐವತ್ತು ದಾಟಿತ್ತು.

ಒಮ್ಮೆ ಆಟದ ನಡುವೆ ನೀಲಕ್ಕ ಸೀರೆಯ ನೆರಿಗೆ ಸಡಿಲಿಸಿಕೊಂಡು, "ಹೊಟ್ಟಿ ಉಬ್ಬರಿಸಿದಂಗ ಆಗೇತಿ, ಗ್ಯಾಸ್ ಇರಬೇಕು" ಎಂದಳು. ಕೆಲವು ವಾರ ಅದು ಗ್ಯಾಸೇ ಆಗಿತ್ತು. ಆಮೇಲೆ ಸ್ಕ್ಯಾನಿಂಗ್ ಆಯಿತು, ಹುಬ್ಬಳ್ಳಿಯ ಆಸ್ಪತ್ರೆ ಆಯಿತು. ಅಂಡಾಶಯದ ಕ್ಯಾನ್ಸರ್ ಎಂಬ ಮಾತು ಮನೆಯೊಳಗೆ ಬಂತು. ಆಪರೇಷನ್ ಮಾಡಿದರು. ಅದರ ಹಿಂದೆಯೇ ಕಿಮೋ.

ಬಂದು ಹೋಗುವವರಿಗೆ ಜಾಗ ಬೇಕೆಂದು ನನ್ನನ್ನು ಅಲಮಾರಿಯ ಪಕ್ಕಕ್ಕೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಆ ದಿನಗಳನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಬಚ್ಚಲಲ್ಲಿ ವಾಂತಿಯ ಸದ್ದು. ಮಾಸ್ತರ ಚಪ್ಪಲಿ ಅಡುಗೆಮನೆಗೂ ಮಲಗುವ ಕೋಣೆಗೂ ಓಡಾಡುವ ಸದ್ದು. ಬಳೆಗಳ ಸದ್ದು ಕೇಳಿದರೆ ಜುಬೇದಾ ಗಂಜಿ ತಂದಿದ್ದಾಳೆಂದು ತಿಳಿಯುತ್ತಿತ್ತು.

ಒಂದು ಸಂಜೆ ನೀಲಕ್ಕನ ದನಿ, ಬಹಳ ಸಣ್ಣಗೆ: "ಏನ್ರಿ, ಬೋರ್ಡ್ ಎಲ್ಲೈತ್ರಿ?"

"ಇಲ್ಲೇ ಐತಲ್ಲ, ಅಲಮಾರಿ ಬಾಜೂಕ."

"ಗ್ವಾಡಿಗೆ ಮಾರಿ ಮಾಡಿ ಯಾಕ ನಿಲ್ಲಿಸೀರಿ? ಈ ಕಡೆ ತಿರಗಸ್ರಿ."

ಮಾಸ್ತರು ನನ್ನನ್ನು ತಿರುಗಿಸಿದರು. ಆಗ ಅವಳನ್ನು ಕಂಡೆ. ತಲೆಗೆ ಹತ್ತಿಯ ವಸ್ತ್ರ ಕಟ್ಟಿಕೊಂಡು, ದಿಂಬಿಗೆ ಒರಗಿ, ನನ್ನನ್ನೇ ನೋಡುತ್ತಿದ್ದಳು. ಅವಳು ನನಗಿಂತ ತೆಳ್ಳಗಾಗಿದ್ದಳು.

ಕೊನೆಗೊಂದು ದಿನ ಕಿಮೋ ಮುಗಿಯಿತು. ರೋಗದ ಗುರುತು ಈಗ ಕಾಣುತ್ತಿಲ್ಲ, ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದರು ಡಾಕ್ಟರು. ನೆಂಟರು ಮೋಸಂಬಿ ತಂದು, "ಗೆದ್ದು ಬಂದ್ಯವಾ" ಎಂದು ಹೊಗಳಿ ಹೋದರು. ಅವರೆಲ್ಲ ಹೋದ ಮೇಲೆ ನೀಲಕ್ಕ ಲೋಟ ತೊಳೆಯಲು ಕುಳಿತಳು. ಲೋಟ ಕೈ ಜಾರಿ ಬಿತ್ತು. ಇನ್ನೊಂದೂ ಬಿತ್ತು.

ಔಷಧದಿಂದ ಅವಳ ಬೆರಳ ತುದಿಗಳು ಜೋಮು ಹಿಡಿದಿದ್ದವು. "ಬೆರಳಿಗೆ ಹತ್ತಿ ಸುತ್ತಿದಂಗ ಆಕ್ಕೈತಿ" ಎನ್ನುತ್ತಿದ್ದಳು. ಕುಪ್ಪಸದ ಗುಂಡಿ ಹಾಕಲು ಗಂಡ ಬೇಕಾಯಿತು. ಒಂದು ಬೆಳಿಗ್ಗೆ, ಬಹಳ ದಿನಗಳ ಮೇಲೆ ತಾನೇ ರೊಟ್ಟಿ ಬಡಿಯುತ್ತೇನೆಂದು ಒಲೆಯ ಮುಂದೆ ನಿಂತಳು. ರೊಟ್ಟಿ ಬಡಿದಳು, ಹೆಂಚಿಗೆ ಹಾಕಿದಳು, ಮೊದಲಿನ ಹಾಗೆ ಬರಿಗೈಯಲ್ಲೇ ತಿರುವಿದಳು. ಬೆರಳು ಸುಟ್ಟದ್ದು ಅವಳಿಗೆ ಗೊತ್ತಾದದ್ದು ಬೊಬ್ಬೆ ಎದ್ದ ಮೇಲೆ. ಮಾಸ್ತರು ಮುಲಾಮು ಹಚ್ಚುತ್ತ ಕಣ್ಣೊರೆಸಿಕೊಂಡರು. ನೀಲಕ್ಕ ಅಳಲಿಲ್ಲ. "ರೊಟ್ಟಿ ಮಾತ್ರ ಚಲೋ ಉಬ್ಬಿತ್ತು ನೋಡ್ರಿ" ಎಂದಳು. ಮರುದಿನದಿಂದ ಒಲೆಯ ಬಳಿ ಇಕ್ಕಳ ಬಂತು.

ಈ ಜೋಮು ಹೋಗುವುದೇ ಎಂದು ಕೇಳಿದ್ದಕ್ಕೆ ಡಾಕ್ಟರು, ಕೆಲವರಿಗೆ ನಿಧಾನವಾಗಿ ಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ ಎಂದಿದ್ದರಂತೆ.

ತಲೆಯಲ್ಲಿ ಗುಂಗುರು ಕೂದಲು ಚಿಗುರಿದ ಮೇಲೆ ಒಂದು ರವಿವಾರ ನೀಲಕ್ಕ ನನ್ನನ್ನು ಸ್ಟೂಲಿನ ಮೇಲೆ ಹಾಕಿಸಿದಳು. ಬೋರಿಕ್ ಪೌಡರ್ ಉದುರಿಸಿ ಅಂಗೈಯಿಂದ ಸವರಿದಳು. ಆ ಅಂಗೈಗಾಗಿ ನಾನು ಎಷ್ಟು ಕಾದಿದ್ದೆ! ಜುಬೇದಾ ಬಂದು ಎದುರಿಗೆ ಕುಳಿತಳು. ಬಳೆ ಸರಿಸಿಕೊಳ್ಳಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು.

ನೀಲಕ್ಕನ ಮೊದಲ ಹೊಡೆತಕ್ಕೆ ಸ್ಟ್ರೈಕರ್ ಅಡ್ಡ ಜಾರಿತು. ಎರಡನೆಯದಕ್ಕೆ ಕಾಯಿಯ ಬದಲು ಸ್ಟ್ರೈಕರೇ ಗುಂಡಿಗೆ ಬಿತ್ತು. ಬೆರಳು ಸ್ಟ್ರೈಕರಿಗೆ ತಾಗಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಬಗ್ಗಿ ಕಣ್ಣಿಂದ ನೋಡಿ ನೋಡಿ ಹೊಡೆಯುತ್ತಿದ್ದಳು. ಆದರೂ ಜುಬೇದಾ ಮುಂದೆ ಹೋಗಲಿಲ್ಲ. ಅವಳ ಕಾಯಿಗಳು ಗುಂಡಿಯ ಅಂಚಿಗೆ ಹೋಗಿ ಹೋಗಿ ನಿಲ್ಲುತ್ತಿದ್ದವು. ಕೆಂಪು ಕಾಯಿ ರಾಣಿ ಒಮ್ಮೆ ಗುಂಡಿಯ ಬಾಯಲ್ಲೇ ಕುಳಿತಿತ್ತು. ಉಸಿರು ತಾಗಿದರೆ ಬೀಳುವಂತಿತ್ತು. ಜುಬೇದಾಳ ಸ್ಟ್ರೈಕರ್ ಅದರ ಪಕ್ಕದಿಂದ ಹಾದುಹೋಯಿತು. ಆ ಪೆಟ್ಟು ತಪ್ಪಿದ್ದಲ್ಲ, ತಪ್ಪಿಸಿದ್ದು. ನನಗೆ ಗೊತ್ತಾಯಿತು. ನೀಲಕ್ಕನಿಗೂ ಗೊತ್ತಾಯಿತು.

"ಜುಬೇದಾ, ಇದೇನಿದು?"

"ಕೈ ಜಾರತು, ನೀಲಕ್ಕ."

"ನಿನ್ನ ಕೈ? ಜಾರತು?"

ಜುಬೇದಾ ರಾಣಿಯನ್ನೇ ನೋಡುತ್ತ ಕೈಬಳೆ ತಿರುವತೊಡಗಿದಳು.

"ಎಲ್ಲಾರೂ ನನಗ ಹಣ್ಣ ತಂದ ಕೊಟ್ಟ ಹೋಗತಾರ. ನೀನೂ ಹಂಗ ಆಟ ತಂದ ಕೊಡಾಕ ಬಂದೀ ಏನು? ನಾ ಸತ್ತಿಲ್ಲವಾ. ಆಡಾಕ ಕುಂತೀನಿ."

"ಹಂಗಲ್ಲ ನೀಲಕ್ಕ..."

"ಹೋಗು. ಅಂಗಡಿ ನೋಡು ಹೋಗು."

ಜುಬೇದಾ ಹೋದಳು. ಮುಂದಿನ ರವಿವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಎದುರುಬದುರು ಮನೆ, ಕದ ತೆರೆದರೆ ಮುಖ ಕಾಣುತ್ತದೆ, ಆದರೂ ಮಾತಿಲ್ಲ. ರೋಗ ಬಂದಾಗಲೂ ಆ ಮನೆ ಅಷ್ಟು ಸಪ್ಪಗಾಗಿರಲಿಲ್ಲ.

ನೀಲಕ್ಕ ಮಾತ್ರ ಬಿಡಲಿಲ್ಲ. ಕೆಲಸಕ್ಕೆ ಮರಳಿ ಹೋಗತೊಡಗಿದ್ದಳು. ಕೌಂಟರಿನಲ್ಲಿ ನೋಟು ಬಿಡಿಸುವುದು ಕಷ್ಟವೆಂದು ಕೆಲವು ದಿನ ಬೇರೆ ಕೆಲಸ ಕೊಟ್ಟಿದ್ದರು. ಬೆಳಗಿನ ಚಹಾ ಕುಡಿದು, ಹೊರಡುವ ಮುಂಚೆ ನನ್ನ ಮುಂದೆ ಕೂಡುತ್ತಿದ್ದಳು. ನಡುಬೆರಳಿಂದ ಹೊಡೆದು ನೋಡಿದಳು, ಹೆಬ್ಬೆರಳಿಂದ ನೋಡಿದಳು. ಕಾಯಿ ನೆಲಕ್ಕೆ ಹಾರುತ್ತಿದ್ದವು. ಮಾಸ್ತರು ಮಂಚದ ಕೆಳಗೆ ಬಗ್ಗಿ ಹೆಕ್ಕಿ ಕೊಡುತ್ತಿದ್ದರು. "ನಾ ಎದುರಿಗೆ ಕೂಡ್ಲೇನು?" ಎಂದು ಕೇಳಿದರು ಒಮ್ಮೆ. "ನೀವು ಕುಂತ್ರ ನಾ ಕಣ್ಣ ಮುಚ್ಚಿ ಗೆಲ್ಲತೀನ್ರಿ, ಅದ್ರಾಗೇನ ಮಜಾ" ಎಂದಳು. ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ.

ಒಂದು ಬೆಳಿಗ್ಗೆ ಅವಳು ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆಯುತ್ತ, ಥಟ್ಟನೆ ನಿಂತಳು. ಬೆರಳ ತುದಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಹೊಡೆದಾಗ ಬೆರಳಿನ ಬುಡದ ಗೆಣ್ಣಿನಲ್ಲಿ ಸಣ್ಣದೊಂದು ಮಿಡಿತ ಏಳುತ್ತಿತ್ತು. ತುದಿ ಕಳಕೊಂಡದ್ದನ್ನು ಗೆಣ್ಣು ಉಳಿಸಿಕೊಂಡಿತ್ತು. ಅವಳು ಕಣ್ಣು ಮುಚ್ಚಿ ಹೊಡೆದಳು. ಮತ್ತೆ ಹೊಡೆದಳು. ಹೊಡೆತ ಮೊದಲಿನಂತೆ ಸವರಿಕೊಂಡು ಹೋಗಲಿಲ್ಲ. ಗಡುಸಾಗಿತ್ತು, ಸ್ವಲ್ಪ ಒರಟು. ಆದರೆ ಹೋಗಬೇಕಾದಲ್ಲಿಗೆ ಹೋಯಿತು. ಬಿಳಿ ಕಾಯಿ ಗುಂಡಿಗೆ ಬಿದ್ದ ಸದ್ದು ಕೇಳಿ ಮಾಸ್ತರು ಮುಖಕ್ಕೆ ಸೋಪು ಹಚ್ಚಿಕೊಂಡೇ ಹೊರಗೆ ಬಂದರು.

"ಏನ್ರಿ, ಜುಬೇದಾಗ ಹೇಳ್ರಿ" ಎಂದಳು ನೀಲಕ್ಕ. "ರವಿವಾರ ಬರಬೇಕಂತ. ಸೋಲಸಾಕ ಬರೂದಾದ್ರ ಬಾ ಅನ್ರಿ, ಇಲ್ಲಂದ್ರ ಬ್ಯಾಡ."

ಜುಬೇದಾ ಬಂದಳು. ಬಾಗಿಲಲ್ಲೇ ನಿಂತಳು.

"ಒಂದ್ ಮಾತ ಹೇಳಿ ಕುಂದರತೀನಿ, ನೀಲಕ್ಕ. ಅವತ್ತ ನಿನ್ನ ಕೈ ನೋಡಿ ನನ್ನ ಕೈ ಏಳಲಿಲ್ಲ. ನೀ ದವಾಖಾನಿಗೆ ಹೋದಾಗ ರವಿವಾರ ಮಧ್ಯಾಹ್ನ ನಾ ಎಲ್ಲಿ ಹೋಗಬೇಕಂತ ನನಗ ತಿಳೀತಿರಲಿಲ್ಲ. ಅಂಗಡ್ಯಾಗ ಕುಂತ್ರೂ ಬ್ಯಾಸರ, ಮನ್ಯಾಗ ಕುಂತ್ರೂ ಬ್ಯಾಸರ. ಇನ್ನ ನಿನ್ನ ಸೋಲಸಿ ಏನ್ ಮಾಡ್ಲಿ?"

ನೀಲಕ್ಕ ಸ್ಟ್ರೈಕರನ್ನು ಎದುರಿನ ಅಂಚಿಗೆ ಸರಿಸಿಟ್ಟಳು. "ನಂದೂ ಬಾಯಿ ಜೋರಾತು ಅವತ್ತ" ಎಂದಳು. "ಆದ್ರ ಜುಬೇದಾ, ನೀ ಬಿಟ್ಟ ಕೊಟ್ರ ನಾ ಇನ್ನೂ ಹಾಸಿಗ್ಯಾಗ ಇದ್ದಂಗ ಅನಸತೈತಿ. ನನ್ನ ಏಳಸೂದಿದ್ರ ಹೊಡಿ."

ಜುಬೇದಾ ಕುಳಿತಳು. ಬಳೆಗಳನ್ನು ಮೊಳಕೈತನಕ ಸರಿಸಿಕೊಂಡಳು. ಅವಳ ಪೆಟ್ಟಿಗೆ ನನ್ನ ನಾಲ್ಕೂ ಪಟ್ಟಿಗಳು ಅದುರಿದವು. ಆಹಾ, ಎಷ್ಟು ದಿನದ ಮೇಲೆ!

ಮೊದಲ ಆಟದಲ್ಲಿ ನೀಲಕ್ಕ ಹೀನಾಯವಾಗಿ ಸೋತಳು. ಎರಡನೆಯದು ಕೊನೆಯ ತನಕ ಎಳೆಯಿತು. ರಾಣಿಯನ್ನು ನೀಲಕ್ಕ ಹಾಕಿದಳು. ಅದರ ಬೆನ್ನಿಗೆ ಬೀಳಬೇಕಾದ ಬಿಳಿ ಕಾಯಿ ಗುಂಡಿಯ ತುಟಿಗೆ ಬಡಿದು ಹಿಂದೆ ಬಂತು; ನಿಯಮದಂತೆ ರಾಣಿಯನ್ನು ತೆಗೆದು ಮತ್ತೆ ನಡುವೆ ಇಡಬೇಕಾಯಿತು. ಜುಬೇದಾ ಕ್ಷಣವೂ ಯೋಚಿಸಲಿಲ್ಲ. ಹೊರಗೆ ಬಂದ ರಾಣಿಯನ್ನು ಒಳಗೆ ಕಳಿಸಿ, ಹಿಂದೆಯೇ ತನ್ನ ಕಡೆಯ ಕರಿ ಕಾಯಿಯನ್ನೂ ಕಳಿಸಿದಳು.

"ಕೈ ಗೆರಿ ದಾಟೇತಿ!" ನೀಲಕ್ಕ ಕೂಗಿದಳು.

"ಎಲ್ಲಿ ದಾಟೇತಿ? ಕಿಮೋ ಕಣ್ಣಿಗೂ ಹಚ್ಚಿದ್ರೇನು?"

ಜುಬೇದಾ ತಾನೇ ಬಾಯಿ ಮುಚ್ಚಿಕೊಂಡಳು. ಮರುಗಳಿಗೆ ನೀಲಕ್ಕ ನಗತೊಡಗಿದಳು. ಹೊಟ್ಟೆಯ ಹೊಲಿಗೆಯ ಜಾಗವನ್ನು ಒತ್ತಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು ಮುಗಿದ ಮೇಲೂ ಜಗಳ ಬಿಡಲಿಲ್ಲ. ಇಬ್ಬರೂ ಗೆರೆಯ ಮೇಲೆ ಬಗ್ಗಿ, ಇಲ್ಲಿ, ಅಲ್ಲಿ ಎಂದು ತೋರಿಸುತ್ತ ಓಣಿಗೆಲ್ಲ ಕೇಳುವ ಹಾಗೆ ವಾದಿಸಿದರು. ಮಾಸ್ತರು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರುವುದನ್ನು ಮರೆತು. ಚಹಾ ಆರಿ ಕೆನೆ ಕಟ್ಟಿತು.

"ಇನ್ನೊಂದ್ ಆಟ ಹಾಕು" ಎಂದಳು ನೀಲಕ್ಕ, ಸೋತವಳ ಸಿಟ್ಟಿನಲ್ಲಿ.

ಆಮೇಲಿನ ವರ್ಷಗಳಲ್ಲಿ ಹೇಳುವಂಥ ದೊಡ್ಡ ಸಂಗತಿಯೇನೂ ನಡೆಯಲಿಲ್ಲ. ಅದೇ ದೊಡ್ಡ ಸಂಗತಿ. ಆಸ್ಪತ್ರೆಗೆ ತೋರಿಸಲು ಹೋಗುವ ಹಿಂದಿನ ದಿನ ನೀಲಕ್ಕ ಸರಿಯಾಗಿ ಉಣ್ಣುತ್ತಿರಲಿಲ್ಲ. ಬಂದ ಮೇಲೆ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು. ಜೋಮು ಅರ್ಧ ಹೋಯಿತು, ಅರ್ಧ ಉಳಿಯಿತು. ಗೆಲ್ಲುವುದು ಮೊದಲಿಗಿಂತ ಕಡಿಮೆಯಾಯಿತು, ಆದರೆ ಗೆದ್ದದ್ದೆಲ್ಲ ಗೆದ್ದದ್ದೇ ಆಗಿತ್ತು.

ನನಗೂ ವಯಸ್ಸಾಯಿತು. ಮೈ ನಡುವೆ ಉಬ್ಬಿ, ಕಾಯಿಗಳು ತಮ್ಮಷ್ಟಕ್ಕೆ ಜಾರತೊಡಗಿದವು. ಒಂದು ದಿನ ಜುಬೇದಾಳೇ ಹೊಸ ಬೋರ್ಡು ತಂದಳು. ನನ್ನನ್ನು ಮಾಳಿಗೆಗೆ ಒಯ್ದರು. ಈಗ ಬೇಸಿಗೆಯಲ್ಲಿ ನನ್ನ ಮೇಲೆ ಬಿಳಿಯ ಬಟ್ಟೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಾರೆ. ಒಣಗಿದೆಯೋ ಇಲ್ಲವೋ ಎಂದು ನೀಲಕ್ಕ ಬೆರಳಿಂದ ಮುಟ್ಟಿ ನೋಡುವುದಿಲ್ಲ, ಅಂಚು ಮುರಿದು ಕಚ್ಚಿ ನೋಡುತ್ತಾಳೆ. ಹಾಗೆ ನೋಡುತ್ತ ನೋಡುತ್ತ ಒಂದು ಸಾಲು ಖಾಲಿ ಮಾಡುತ್ತಾಳೆ.

ಇಲ್ಲಿ ನನಗೆ ಗೋಡೆಯಿಲ್ಲ, ಫ್ಯಾನಿಲ್ಲ. ಮೇಲೆ ಬರೀ ಆಕಾಶ. ರೋಗವನ್ನು ಗೆದ್ದವಳು ಎಂದು ಜನ ನೀಲಕ್ಕನನ್ನು ಈಗಲೂ ಕರೆಯುತ್ತಾರೆ. ನಾನು ಅವಳ ಬೆರಳುಗಳನ್ನು ಹತ್ತಿರದಿಂದ ಕಂಡ ಮರ. ಅವಳು ಬದುಕಿಗೆ ಮರಳಿದ್ದು ಗೆದ್ದ ದಿನವಲ್ಲ, ಬಿಟ್ಟುಕೊಡದ ಗೆಳತಿಯ ಎದುರು ಸೋತು ಸಿಟ್ಟಾದ ದಿನ ಎಂದು ನನಗೆ ಅನಿಸುತ್ತದೆ. ಇಂದು ರವಿವಾರ. ಬಿಸಿಲು ಏರಿದೆ, ನನ್ನ ಮೇಲೆ ಸಂಡಿಗೆ ಗರಿಗರಿಯಾಗುತ್ತಿವೆ. ಕೆಳಗಿನ ಕೋಣೆಯಲ್ಲಿ ಒಂದು ಪೆಟ್ಟು ಬಿತ್ತು. ಮೆಲ್ಲಗಿನದೂ ಅಲ್ಲ, ಜೋರಿನದೂ ಅಲ್ಲ; ಗಡುಸಾದ, ಸ್ವಲ್ಪ ಒರಟಾದ ಪೆಟ್ಟು. ಕಾಯಿ ಗುಂಡಿಗೆ ಇಳಿದ ಸದ್ದು ಮಾಳಿಗೆಯ ತನಕ ಕೇಳಿಸಿತು.