ಎರಡನೇ ಶನಿವಾರದ ಮಹಡಿ

ಕಣ್ಣಿನ ಆಸ್ಪತ್ರೆಯ ಮೂವತ್ತೆರಡು ಕಂಪ್ಯೂಟರುಗಳಿಗೆ ಅವಳೊಬ್ಬಳೇ ದಿಕ್ಕು. ಟೈಪಿಸ್ಟಾಗಿ ಸೇರಿದವಳು, ಯಂತ್ರಗಳು ಬಂದ ಹಾಗೆ ಒಂದೊಂದನ್ನೇ ಕಲಿತಳು, ಕೊನೆಗೆ ಅವುಗಳ ಕಾವಲೂ ಅವಳ ತಲೆಗೇ ಬಿತ್ತು. ಪ್ರಿಂಟರ್ ಮುನಿಸಿಕೊಂಡರೂ ಅವಳು, ಕಳ್ಳ ಇಮೇಲ್ ಬಂದರೂ ಅವಳು. ಅವಳ ಕೆಲಸವೇನೆಂದು ಡಾಕ್ಟರುಗಳಿಗೇ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಂತೂ ಕೇಳುವುದೇ ಬೇಡ.

ಕಿವಿಗೊಡುತ್ತಿದ್ದವಳು ನಾದಿನಿಯೊಬ್ಬಳೇ. ಗ್ರಂಥಾಲಯದಲ್ಲಿ ಕೆಲಸ. ತಲೆಬುಡ ಗೊತ್ತಾಗದಿದ್ದರೂ ಹೂಂಗುಟ್ಟುತ್ತಿದ್ದಳು. ಒಂದು ಸಂಜೆ ಬಂದವಳು ಹೆಗಲ ಚೀಲ ಇಳಿಸುವ ಮೊದಲೇ ಶುರುಮಾಡಿದಳು.

“ಅತ್ತಿಗೆ, ಎರಡನೇ ಶನಿವಾರ ನಮ್ಮ ಲೈಬ್ರರಿ ಮಹಡಿ ರೂಮಲ್ಲಿ ಸೇರೋರು ಯಾರು ಗೊತ್ತಾ? ಸೈಬರ್ ಭದ್ರತೆ ಸಂಘದವರಂತೆ! ಎರಡು ವರ್ಷದಿಂದ ನಾನೇ ಬೀಗ ತೆಗೆದುಕೊಡ್ತಿದೀನಿ, ಇವತ್ತು ಬೋರ್ಡ್ ಓದ್ದೆ ನೋಡು.”

“ಅವರೆಲ್ಲ ದೊಡ್ಡ ದೊಡ್ಡ ಡಿಗ್ರಿಯವರು. ನಾನು ಹೋಗಿ ಏನ್ ಮಾಡ್ಲಿ?”

“ಕೂತ್ಕೋ. ನಮ್ಮ ಕುರ್ಚಿಗಳು ಡಿಗ್ರಿ ಕೇಳಲ್ಲ.”

ಶನಿವಾರ ನಾದಿನಿ ಅವಳ ಕೈ ಹಿಡಿದೇ ಮೆಟ್ಟಿಲು ಹತ್ತಿಸಿದಳು. ಎಲ್ಲಿ ತಪ್ಪಿಸಿಕೊಳ್ಳುತ್ತಾಳೋ ಎಂದು ಪಕ್ಕದಲ್ಲೇ ಕೂತಳು. ಹದಿನಾಲ್ಕು ಜನ ಸೇರಿದ್ದರು. ಬ್ಯಾಂಕಿನ ಭದ್ರತಾ ಅಧಿಕಾರಿ, ನರೆತ ತಲೆಯ ಮನುಷ್ಯ, ಮಾತನಾಡಲು ಎದ್ದ. ಏನೋ ಘನವಾದ ವಿಷಯ ಬರುತ್ತದೆಂದು ಅವಳು ಪೆನ್ನು ತೆರೆದರೆ, ಅವನು ಹೇಳಿದ್ದು ತಾನೇ ಮೋಸಹೋದ ಕಥೆ. ಮೇಲಧಿಕಾರಿಯ ಹೆಸರಲ್ಲಿ ಬಂದ ಸುಳ್ಳು ಪತ್ರ ನಂಬಿ ಪಾಸ್‌ವರ್ಡ್ ಬರೆದುಕೊಟ್ಟಿದ್ದನಂತೆ, ಅದೂ ಎಲ್ಲರಿಗೂ ಎಚ್ಚರಿಕೆಯ ಪಾಠ ಮಾಡಿದ ಮರುದಿನವೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವನೂ ನಕ್ಕ.

ತಾನು ಯಾವಾಗ ಎದ್ದು ನಿಂತೆನೋ ಅವಳಿಗೇ ತಿಳಿಯಲಿಲ್ಲ.

“ನಾನೂ ಒಂದು ಕಳ್ಳ ಇಮೇಲಿನ ಲಿಂಕ್ ಒತ್ತಿಬಿಟ್ಟಿದ್ದೆ. ಕನ್ನಡಕದ ಹೊಸ ಮಾದರಿಗಳು ಅಂತ ಬಂದಿತ್ತು. ಇಂಟರ್ನೆಟ್ ತಂತಿ ಕಿತ್ತುಹಾಕಿ, ಆ ಕಂಪ್ಯೂಟರನ್ನ ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದೆ. ಮೂರು ತಿಂಗಳಾಯ್ತು, ಯಾರಿಗೂ ಹೇಳಿಲ್ಲ.”

“ತಂತಿ ಕಿತ್ತಿದ್ದು ಸರಿ. ಹೇಳದೇ ಇದ್ದದ್ದು ತಪ್ಪು,” ಎಂದರು ಮುಂದಿನ ಸಾಲಿನಲ್ಲಿದ್ದ ಕಾಲೇಜಿನ ಮೇಡಂ, ಮೆತ್ತಗೆ. “ಬ್ಯಾಕಪ್ ಇದೆಯಾ?”

“ದಿನಾ ಆಗುತ್ತೆ.”

“ತೆರೆದು ನೋಡಿದೀರಾ?”

ಅವಳು ಪೆನ್ನಿನ ಮುಚ್ಚಳ ಹುಡುಕತೊಡಗಿದಳು. ನಾದಿನಿ ಬಿಡಲಿಲ್ಲ: “ನೋಡಿಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ?”

ಸೋಮವಾರ ತೆರೆದು ನೋಡಿದಳು. ದಿನಕ್ಕೊಂದು ಫೈಲು ಸಾಲಾಗಿತ್ತು, ಒಳಗೆ ಖಾಲಿ. ಎಂಟು ತಿಂಗಳ ರೋಗಿಗಳ ದಾಖಲೆಗೆ ಇನ್ನೊಂದು ಪ್ರತಿಯೇ ಇರಲಿಲ್ಲ. ಮೊದಲಾಗಿದ್ದರೆ ಬಾಗಿಲು ಹಾಕಿಕೊಂಡು ಒಬ್ಬಳೇ ಒದ್ದಾಡುತ್ತಿದ್ದಳು. ಈ ಸಲ ಸೀದಾ ಮುಖ್ಯ ವೈದ್ಯೆಯ ಕೋಣೆಗೆ ಹೋಗಿ ಹೊಸ ತಪ್ಪನ್ನೂ ಹಳೆಯ ತಪ್ಪನ್ನೂ ಒಟ್ಟಿಗೇ ಒಪ್ಪಿಕೊಂಡಳು. ಬೈಗುಳ ಬಿತ್ತು, ಸಾಕಷ್ಟೇ ಬಿತ್ತು.

“ಈಗೇನು ಮಾಡೋದು?” ಎಂದರು ಅವರು ಕೊನೆಗೆ.

“ನಮ್ಮೋರಿದಾರೆ, ಕರೆಸ್ತೀನಿ.”

‘ನಮ್ಮೋರು’ ಎಂಬ ಮಾತು ಬಾಯಿಂದ ಹೇಗೆ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

ಮಂಗಳವಾರ ಊಟದ ಬಿಡುವಿನಲ್ಲಿ ಬ್ಯಾಂಕಿನವನೂ ಮೇಡಮ್ಮೂ ಬಂದರು. ಕೀಬೋರ್ಡನ್ನು ಮಾತ್ರ ಮುಟ್ಟಲಿಲ್ಲ. “ರೋಗಿಗಳ ವಿಷಯ ನಾವು ನೋಡಬಾರದು. ಕೈ ನಿಮ್ಮದು, ಬಾಯಿ ನಮ್ಮದು,” ಎಂದು ಗೋಡೆಗೆ ಮುಖ ಮಾಡಿ ಕೂತು, ಅವಳು ಓದಿ ಹೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಬ್ಯಾಕಪ್ ಹೋಗುತ್ತಿದ್ದ ಡಿಸ್ಕು ತುಂಬಿಹೋಗಿ ಎಂಟು ತಿಂಗಳಾಗಿತ್ತು, ಅಷ್ಟೇ. ಅದರ ಜಾಗಕ್ಕೆ ಹೊಸದು ಹಾಕಿದಳು. ಐದು ಗಂಟೆಗೆ ಮೊದಲ ಪೂರ್ತಿ ಪ್ರತಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ಅವಳ ಕಣ್ಣು ತುಂಬಿತು. ಕಣ್ಣಿನ ಆಸ್ಪತ್ರೆಯಲ್ಲಿ ಅದನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ.

ಬರಬರುತ್ತಾ ಸಂಘದ ಫೋನ್ ಪಟ್ಟಿಯಲ್ಲಿ ಅವಳ ನಂಬರೂ ಸೇರಿತು. ಒಂದು ಭಾನುವಾರ ಬೆಳಿಗ್ಗೆ ಹಾಲಿನ ಡೈರಿಯವನೊಬ್ಬ ಫೋನ್ ಮಾಡಿದ: “ಬ್ಯಾಕಪ್ ಅಂದ್ರೆ ನಿಮ್ಮನ್ನೇ ಕೇಳ್ಬೇಕು ಅಂದ್ರು, ಮೇಡಂ.”

“ನಾಳೆ ಮಧ್ಯಾಹ್ನ ಬರ್ತೀನಿ,” ಎಂದಳು.

ಪಕ್ಕದಲ್ಲಿದ್ದ ನಾದಿನಿ ಆಗಲೇ ರಜೆ ಲೆಕ್ಕ ಹಾಕುತ್ತಿದ್ದಳು. “ನಾನೂ ಬರ್ತೀನಿ ಅತ್ತಿಗೆ. ಡೈರಿ ಒಳಗಡೆ ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ.”