ಅಯ್ಯಮ್ಮನ ಚೆಕ್ಕು ಮತ್ತು ಎರಡು ಚೀಲ ಜೋಳ

1
ಎಲ್ಲಿಂದ ಶುರು ಮಾಡಲಿ? ಚೆಕ್ಕು ಕೊಟ್ಟ ದಿನದಿಂದಲೋ, ಬ್ಯಾಂಕು ಅದನ್ನು ವಾಪಸ್ ಮಾಡಿದ ದಿನದಿಂದಲೋ? ಮೊದಲ ಡ್ರಾಫ್ಟಿನಲ್ಲಿ ರಾಯಚೂರಿನ ಕೋಟೆಯ ಮೇಲೆ ಸೂರ್ಯನನ್ನು ಹುಟ್ಟಿಸಿದ್ದೆ. ನನ್ನ ಕಥೆಯ ಅಯ್ಯಮ್ಮ ಕೇಳಿಸಿಕೊಂಡು, "ಸೂರ್ಯ ತನ್ನಷ್ಟಕ್ಕ ತಾನು ಹುಟ್ಟತಾನ. ನೀ ನನ್ನ ಕೇಸು ಹೇಳಪಾ" ಅಂದಳು. ಹರಿದು ಹಾಕಿದೆ.

2
ಕೇಸು ಇಷ್ಟು. 1943ರಲ್ಲಿ, ಯುದ್ಧದ ಕಾಲ, ದಂಡಿಗೆ ಕಂಬಳಿ ಬೇಕಿತ್ತು. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಕಂಬಳಿ ವ್ಯಾಪಾರ ಮಾಡುತ್ತಿದ್ದ ಅಯ್ಯಮ್ಮ, ಹನ್ನೊಂದು ಮನೆಗಳ ಕಂಬಳಿಯನ್ನು ಬರೀ ಬಾಯಿಮಾತಿನ ಮೇಲೆ ಒಟ್ಟುಮಾಡಿ ದೇವದುರ್ಗದ ಗುತ್ತೇದಾರ ವಿರೂಪಣ್ಣನಿಗೆ ಕೊಟ್ಟಳು. ಅವನು ಮುನ್ನೂರ ಅರವತ್ತು ರೂಪಾಯಿಯ ಚೆಕ್ಕು ಬರೆದ. ಖಾತೆಯಲ್ಲಿ ಹಣವಿಲ್ಲವೆಂದು ರಾಯಚೂರಿನ ಬ್ಯಾಂಕು ಅದನ್ನು ತಿರುಗಿಸಿತು. ಆಮೇಲೆ ಊರಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಕಂಬಳಿಯನ್ನೂ ಕೊಡಲಿಲ್ಲ.

ದೇವದುರ್ಗಕ್ಕೆ ಅವಳು ಎಷ್ಟು ಸಲ ನಡೆದಳು, ವಿರೂಪಣ್ಣ ಯಾವ್ಯಾವ ನೆಪ ಹೇಳಿದ, ಎಲ್ಲ ಬರೆದಿದ್ದೆ. ಎಡಿಟ್ ಮಾಡುವಾಗ ತೆಗೆದೆ. (ನಡೆದವಳು ಅವಳು, ದಣಿದವನು ನಾನು.)

4
ಮೂರನ್ನು ಹುಡುಕಬೇಡಿ. ಅದರಲ್ಲಿ ಬರೀ ನನ್ನ ಅಭಿಪ್ರಾಯಗಳಿದ್ದವು.

1946ರ ನವೆಂಬರ್. ರಾಯಚೂರಿನ ಮುನ್ಸಿಫ್ ಕೋರ್ಟು. ಕಂಬಳಿ ಕೊಟ್ಟದ್ದಕ್ಕೆ ಸಾಕ್ಷಿ ಹೇಳಲು ಹನ್ನೊಂದು ಮನೆಗಳ ಪರವಾಗಿ, ಅವರಲ್ಲೊಬ್ಬಳಾದ ಗೋಪಮ್ಮ ಬಂದಿದ್ದಾಳೆ. ಆಗ ಕೋರ್ಟಿನ ಭಾಷೆ ಉರ್ದು, ವಾದವೆಲ್ಲ ಅದರಲ್ಲೇ. ಅಯ್ಯಮ್ಮನ ವಕೀಲ ವಲಿ ಪಾಷಾ ಅವಳ ಕಿವಿಯ ಹತ್ತಿರ ಬಗ್ಗಿ, ಚೆಕ್ಕಿಗೆ ಮೂರು ವರ್ಷ ದಾಟಿದೆ, ದಾವೆ ಹೂಡುವ ಮುದ್ದತು ಮುಗಿದ ಮೇಲೆ ಫಿರ್ಯಾದು ನಡೆಯುವುದಿಲ್ಲ ಎಂದು ಎದುರಿನವರು ಹೇಳುತ್ತಿದ್ದಾರೆ ಅಂತ ತಿಳಿಸಿದ. ಈ ನಡುವೆ ವಿರೂಪಣ್ಣ ಏನಾದರೂ ಕೊಟ್ಟಿದ್ದನೇ ಎಂದು ಮತ್ತೊಮ್ಮೆ ಕೇಳಿದ. ಒಂದು ಕಾಳೂ ಇಲ್ಲ ಅಂದಳು ಅಯ್ಯಮ್ಮ.

ಓದುಗರೇ, ಅದು ಸುಳ್ಳು.

1945ರಲ್ಲಿ ವಿರೂಪಣ್ಣ ಎರಡು ಚೀಲ ಜೋಳ ಕಳಿಸಿದ್ದ. ಜೊತೆಗೆ, 'ಚೆಕ್ಕಿನ ಬಾಬತ್ತು' ಎಂದು ತನ್ನ ಕೈಯಿಂದಲೇ ಬರೆದು ಸಹಿ ಹಾಕಿದ ಚೀಟಿ. ಮುದ್ದತಿನೊಳಗೆ ಹೀಗೆ ಬರೆದುಕೊಟ್ಟು ಸ್ವಲ್ಪ ತೀರಿಸಿದರೆ, ಮೂರು ವರ್ಷದ ಲೆಕ್ಕ ಆ ದಿನದಿಂದ ಹೊಸದಾಗಿ ಶುರು. ಸಂಜೆ ಲಾ ಕಾಲೇಜಿನಲ್ಲಿ ನಾನು ಕಲಿತದ್ದು. (ಆ ಪಾಠದ ದಿನ ತೂಕಡಿಸಿದ್ದೆನೇನೋ ಎಂದು ಹೆದರಿ ಎರಡು ಸಲ ಪುಸ್ತಕ ನೋಡಿದೆ.) ಅವಳನ್ನು ಗೆಲ್ಲಿಸುವ ಚೀಟಿ ಅವಳ ಸೊಂಟದ ಚೀಲದಲ್ಲೇ ಇದೆ.

5
"ಯವ್ವಾ, ಆ ಚೀಟಿ ತೆಗಿ" ಅಂದೆ.

"ತೆಗದ್ರ ಜ್ವಾಳ ಯಾರು ತಿಂದ್ರು ಅಂತ ಗೋಪಮ್ಮ ಕೇಳಂಗಿಲ್ಲೇನು?"

ತಿಂದದ್ದು ಅಯ್ಯಮ್ಮನ ಮನೆಯವರೇ. ಹನ್ನೊಂದು ಮನೆಗಳಿಗೆ ಒಂದು ಸೇರೂ ಹೋಗಿರಲಿಲ್ಲ.

ನಾನು ಒಂದು ಉಪಾಯ ಸೂಚಿಸಿದೆ. ಕಿಟಕಿಯಿಂದ ಗಾಳಿ ಬೀಸಿಸುತ್ತೇನೆ, ಚೀಟಿ ಹಾರಿ ಮುನ್ಸಿಫರ ಮೇಜಿನ ಮೇಲೆ ಬೀಳುತ್ತದೆ, ನೀನು ಬಾಯಿ ಬಿಡುವುದೇ ಬೇಡ.

"ಗಾಳಿಗಿ ಉರ್ದು ಬರ್ತದೇನು?" ಅಂದಳು. ಸೆರಗು ಸಿಗಿಸಿಕೊಂಡಳು. "ನೀ ಸುಮ್ಮಕ ಕುಂದ್ರು. ತಿಂದಾಕಿ ನಾನು, ನಾನಾ ಹೇಳ್ತೀನಿ."

ಎದ್ದು ನಿಂತು, ಚೀಟಿ ತೆಗೆದು ಕೊಟ್ಟು, ಹೇಳಿದಳು. ಎರಡು ಚೀಲ, ಬಂದ ತಿಂಗಳು, ತಿಂದವರ ಹೆಸರು, ಯಾವುದನ್ನೂ ಬಿಡಲಿಲ್ಲ. ಕೋರ್ಟಿನವನು ಅದನ್ನು ಉರ್ದುವಿಗೆ ತಿರುಗಿಸಿ ಮುನ್ಸಿಫರಿಗೆ ಮುಟ್ಟಿಸುವ ಮೊದಲೇ ಕನ್ನಡ ಗೋಪಮ್ಮನಿಗೆ ಮುಟ್ಟಿತ್ತು. ನಾನು ಗೋಪಮ್ಮನ ಮುಖ ವರ್ಣಿಸಬೇಕಿತ್ತು. ಧೈರ್ಯವಾಗಲಿಲ್ಲ.

ಮುನ್ಸಿಫರು ಚೀಟಿಯನ್ನು ಫೈಲಿಗೆ ಸೇರಿಸಿದರು. ಅಕ್ಷರ ತನ್ನದೇ ಹೌದೋ ಅಲ್ಲವೋ ಎಂದು ವಿರೂಪಣ್ಣನೇ ಬಂದು ಹೇಳಲಿ ಅಂತ ಮುಂದಿನ ತಾರೀಖು ಕೊಟ್ಟರು.

6
ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ವಿರೂಪಣ್ಣ ಹೆದರಿ ರೊಕ್ಕ ತಂದು ಸುರಿಯುತ್ತಾನೆ. (ವಲಿ ಪಾಷಾ ನಕ್ಕ. ಡಿಕ್ರಿ ಆದ ಮೇಲೂ ಜಪ್ತಿಗೆ ಬೇರೆ ಅರ್ಜಿ ಹಾಕಬೇಕಂತೆ.)

ಆ) ಅರ್ಧಕ್ಕೆ ರಾಜಿ. (ಅಯ್ಯಮ್ಮ ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು.)

ಇ) ಗೋಪಮ್ಮ ಅವಳನ್ನು ಅಪ್ಪಿಕೊಳ್ಳುತ್ತಾಳೆ. ನನಗೆ ಇಷ್ಟವಾದದ್ದು ಇದೇ, ನಾಲ್ಕು ಸಾಲು ಬರೆದೂ ಇದ್ದೆ. "ಹೊಡದ್ ಹಾಕು" ಅಂದಳು ಅಯ್ಯಮ್ಮ. "ಮಾಫಿ ಮಾಡಾದು ಬಿಡಾದು ಆಕೀದು. ನೀ ಬರಿಬ್ಯಾಡ."

ಹೊಡೆದು ಹಾಕಿದೆ. ಹಾಗಾಗಿ, ನಿಜವಾಗಿ ನಡೆದಷ್ಟನ್ನೇ ಹೇಳುತ್ತೇನೆ.

ಮಾನ್ವಿ ಬಸ್ಸಿಗೆ ಕಾಯುತ್ತ ಅಯ್ಯಮ್ಮ, ಗೋಪಮ್ಮ ಇಬ್ಬರೂ ಒಂದೇ ಕಲ್ಲಿನ ಮೇಲೆ ಕೂತಿದ್ದರು. ಗೋಪಮ್ಮ ಕೇಳಿದಳು.

"ಎರಡೂ ಚೀಲನಾ?"

"ಎರಡೂ. ರೊಕ್ಕ ಬಂದ ದಿನ ನನ್ನ ಪಾಲಿನ್ಯಾಗ ಮುರಕೋರಿ."

"ನಮ್ಮ ಸಣ್ಣದು ಆ ವರ್ಷ ಗಂಜಿ ಕುಡದು ಮಲಗ್ತಿತ್ತು ಬೇ."

ಅಯ್ಯಮ್ಮ ಸೊಂಟದ ಚೀಲದ ದಾರ ಬಿಚ್ಚಿ ಮತ್ತೆ ಕಟ್ಟಿದಳು. ನನ್ನ ಕಡೆ ನೋಡಲಿಲ್ಲ.

ಬಸ್ಸು ಬಂತು. ಗೋಪಮ್ಮ ಮೊದಲು ಹತ್ತಿದಳು. ಮೆಟ್ಟಿಲ ಮೇಲೆ ನಿಂತು, ತಿರುಗದೆಯೇ, "ಮುಂದಿನ ತಾರೀಖಿಗಿ ನಾನೂ ಬರ್ತೀನಿ" ಅಂದಳು.

ಬೆಂಬಲಕ್ಕೋ, ರೊಕ್ಕದ ಕಾವಲಿಗೋ? ಕೇಳಲು ಓಡಿದೆ. ಬಸ್ಸಿನಲ್ಲಿ ಜಾಗವಿಲ್ಲವೆಂದು ಕಂಡಕ್ಟರ್ ನನ್ನನ್ನು ಹತ್ತಿಸಿಕೊಳ್ಳಲಿಲ್ಲ.