ಗೆರೆಯಮ್ಮನ ಬೋಗುಣಿ

ಬೋಗುಣಿಯ ಅಂಚಿನ ಮೇಲೆ ಬಿಸಿಲು ಕೂತಿದೆ, ನೊಣ ಕೂತ ಹಾಗೆ, ತಿರುಗುಮಣೆ ತಿರುಗಿದರೂ ಅದು ಮಾತ್ರ ಕೂತ ಜಾಗ ಬಿಡುವುದಿಲ್ಲ, ಎಷ್ಟು ಚೆಂದ, ಏಳು ತಿಂಗಳಾಯಿತು ಈ ಕಿಟಕಿಯ ಬೆಳಕು ನೋಡಿ ಎಂದುಕೊಂಡಳು ಗೆರೆಯಮ್ಮ — ಗೆರೆಯಮ್ಮ ಅಂತ ಮೊದಲು ಯಾರು ಕರೆದರೋ, ಪಿಂಗಾಣಿ ಕಾರ್ಖಾನೆಯ ಈ ಬಣ್ಣದ ಕೋಣೆಯಲ್ಲಿ ಮೂವತ್ತೆಂಟು ವರ್ಷ ಬಟ್ಟಲು ತಟ್ಟೆಗಳಿಗೆ ನೀಲಿ ಗೆರೆ ಎಳೆದೂ ಎಳೆದೂ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು — ಕೆಮ್ಮು ಬರಬಾರದು, ಈಗ ಬರಬಾರದು, ಎರಡು ಬೋಗುಣಿ ಆಗಲೇ ಹಾಳು, ಎರಡರಲ್ಲೂ ಗೆರೆ ಮುಕ್ಕಾಲು ಸುತ್ತು ನೆಟ್ಟಗೆ ಬಂದು ಕೊನೆಗೆ ಉಸಿರು ಸಾಲದೆ ಕೈ ನಡುಗಿತು, ಒದ್ದೆ ಸ್ಪಂಜಿನಿಂದ ಒರೆಸಿದ್ದಾಯಿತು, ಇದು ಮೂರನೆಯದು, ಕಡೆಯದು, ಇದೂ ಹೋದರೆ ನಾಳೆಯಿಂದ ಪ್ಯಾಕಿಂಗ್ ಕೋಣೆ, ಬೇರೆಯವರು ಬರೆದ ಬಟ್ಟಲಿಗೆ ಹಳೇ ಪೇಪರು ಸುತ್ತುವ ಕೆಲಸ. ಹಾಗಂತ ಮೇಡಂ ಬೆಳಿಗ್ಗೆಯೇ ಹೇಳಿದ್ದಾಳೆ, ಮೇಡಂ ಅಂದರೆ ಯಾರು, ಇದೇ ಸ್ಟೂಲಿನ ಪಕ್ಕ ಕೂತು ಗೆರೆಯಮ್ಮನಿಂದಲೇ ಕುಂಚ ಹಿಡಿಯಲು ಕಲಿತವಳು, ಈಗ ಕೋಣೆಗೆಲ್ಲ ಮೇಲ್ವಿಚಾರಕಿ, ಹೇಳುವಾಗ ಮುಖ ನೋಡಲಿಲ್ಲ, ಅಮ್ಮಾ ಬೇಜಾರು ಮಾಡ್ಕೋಬೇಡಿ, ಅಲ್ಲಾದ್ರೆ ನಿಮಗೆ ಆರಾಮಾಗಿರತ್ತೆ, ಆರಾಮಂತೆ ಆರಾಮ, ಏಳು ತಿಂಗಳು ಮಂಚದ ಮೇಲೆ ಆರಾಮ ಮಾಡಿ ಬೆನ್ನು ಚಪ್ಪಟೆಯಾಗಿದೆ, ಮೂರು ಬೋಗುಣಿ ಕೊಡು, ಒಂದರಲ್ಲಾದರೂ ಗೆರೆ ತೋರಿಸ್ತೀನಿ, ಇಲ್ಲಾಂದ್ರೆ ನೀನು ಹೇಳಿದ ಕಡೆ ಹೋಗ್ತೀನಿ ಅಂತ ತಾನೇ ಪಂಥ ಕಟ್ಟಿದ್ದು, ಬಾಯಿ ಸುಮ್ಮನಿರಬೇಕಲ್ಲ.

ಉಸಿರು ಹಿಡಿ, ಗೆರೆ ಬಿಡು — ಹಳೇ ಮೇಸ್ತ್ರಿ ಕಲಿಸಿದ್ದು ಅಷ್ಟೇ, ಕುಂಚದ ತುದಿ ಮುಟ್ಟಿಸಿ ಕೈಯನ್ನ ಕಲ್ಲು ಮಾಡು, ಮಣೆ ತಿರುಗಲಿ, ಗೆರೆ ತಾನೇ ಬರತ್ತೆ, ಆ ಒಂದು ಸುತ್ತು ಉಸಿರಾಡಿದೆಯೋ ಗೆರೆ ಕುಡಿದವನ ಹಾಗೆ ನಡೆಯತ್ತೆ, ಇಡೀ ಕೋಣೆಯೇ ಹಾಗೆ, ಹನ್ನೆರಡು ಜನ ಉಸಿರು ಕಟ್ಟುವುದು, ಬಿಡುವುದು, ಹೊಸಬರು ಬಂದರೆ ಏನ್ರೀ ಇಲ್ಲಿ ಎಲ್ಲರೂ ನಿಟ್ಟುಸಿರು ಬಿಡ್ತೀರಿ, ಯಾರು ಹೋದ್ರು ಅಂತ ಕೇಳುತ್ತಿದ್ದರು, ಬಟ್ಟಲಿಗೆ ಗಿಡ್ಡ ಉಸಿರು ಸಾಕು, ಈ ದೊಡ್ಡ ಬೋಗುಣಿಗೆ ಉದ್ದನೆಯದು ಬೇಕು, ಆ ಉದ್ದನೆಯದನ್ನೇ ಕತ್ತರಿಸಿ ತೆಗೆದರು, ಬಲಗಡೆಯ ಶ್ವಾಸಕೋಶದಲ್ಲಿ ಅರ್ಧ, ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು, ಕ್ಯಾನ್ಸರ್ ಇಲ್ಲಿದೆ, ಇಷ್ಟು ತೆಗೀತೀವಮ್ಮ, ಪಾಪ ಒಳ್ಳೆಯವರು, ಆದರೆ ಗೆರೆ ಮಹಾ ಸೊಟ್ಟ, ನಾನು ಬರೆದುಕೊಡ್ಲಾ ಅಂದಿದ್ದಳು ಗೆರೆಯಮ್ಮ, ಅಳುತ್ತಾ ಕೂತಿದ್ದ ಮಗಳು ಅಮ್ಮಾ ಅಂತ ಗದರಿದಳು. ಆಮೇಲೆ ಸೂಜಿಯ ಔಷಧಿ, ಬಾಯಿತುಂಬ ತುಕ್ಕಿನ ರುಚಿ, ದಿಂಬಿನ ತುಂಬ ಕೂದಲು, ಯಾರೋ ದೇವರನ್ನ ನೆನೆಸ್ಕೊಳ್ಳಿ ಅಂದರು, ಇವಳು ನೆನೆಸಿಕೊಂಡದ್ದು ಅಂಚುಗಳನ್ನು, ನೀರಿನ ಲೋಟದ ಬಾಯಿ, ವಾಂತಿಯ ಬೇಸಿನ್ನು, ಗೋಡೆ ಗಡಿಯಾರ, ನರ್ಸಮ್ಮನ ಮಣಿಕಟ್ಟು, ಕಂಡದ್ದಕ್ಕೆಲ್ಲ ಮಲಗಿದಲ್ಲೇ ನೀಲಿ ಗೆರೆ ಎಳೆದಳು, ಮಧ್ಯಾಹ್ನ ಲೋಟದ ನೀರಿನಿಂದ ಬೆಳಕು ಚಾವಣಿಗೆ ಹಾರಿ ಉಂಗುರವಾಗಿ ನಡುಗುತ್ತಿತ್ತು, ಅದನ್ನು ನೋಡುವಷ್ಟು ಹೊತ್ತು ನೋವು ಬಾಗಿಲ ಹೊರಗೆ ಕಾಯಬೇಕು, ಕಾಯಲಿ, ಪಕ್ಕದ ಮಂಚದ ಟೀಚರು ಅದೇನು ನೋಡ್ತೀರಿ ಮೇಲೆ ಎಂದವಳು ತಾನೂ ನೋಡತೊಡಗಿದಳು, ಲೋಟ ಸ್ವಲ್ಪ ಈ ಕಡೆ ಸರಿಸ್ರೀ, ನನ್ನ ತಲೆ ಮೇಲೂ ಬರಲಿ, ಎರಡು ಬೋಳುತಲೆಗಳು ಚಾವಣಿ ನೋಡಿ ನಗುವುದು ಕಂಡು ನರ್ಸಮ್ಮ ಜ್ವರ ಏರಿದೆಯಾ ಅಂತ ಓಡಿ ಬಂದಳು.

ಮನೇಲಿ ಕೂತು ಬೇಕಾದ್ರೆ ಚಿತ್ರ ಬರಿ ಅಮ್ಮ, ಯಾರು ಬೇಡ ಅಂತಾರೆ, ಮಗಳು ಬಣ್ಣದ ಪೆನ್ಸಿಲ್ ಡಬ್ಬಿ ತಂದುಕೊಟ್ಟಳು, ಮೊಮ್ಮಗುವಿಗೆ ಕೊಟ್ಟ ಹಾಗೆ, ಪ್ರೀತಿಯೇ, ಅಲ್ಲವೆಂದಲ್ಲ, ಆದರೆ ತಿರುಗದ ಕಾಗದದ ಮೇಲೆ ಏನು ಬರೆಯುವುದು, ರೋಗ ಅರ್ಧ ಕೇಳಿತು, ಕೊಟ್ಟಾಯಿತು, ಉಳಿದರ್ಧ ನನ್ನದು, ಅದನ್ನು ಹಳೇ ಪೇಪರಿನಲ್ಲಿ ಸುತ್ತಿಡುವುದಿಲ್ಲ — ಬೋಗುಣಿಯನ್ನು ತಟ್ಟಿ ತಟ್ಟಿ ಮಣೆಯ ನಡುವಿಗೆ ತಂದಳು, ಎಡಗೈಯಿಂದ ತಿರುಗಿಸಿದಳು, ಉಸಿರು ಕಟ್ಟಿದಳು, ಅಂಚಿಗಿಂತ ಒಂದು ಬೆರಳು ಕೆಳಗೆ ಕುಂಚ ಮುಟ್ಟಿಸಿದಳು, ಬರುತ್ತಿದೆ, ಒದ್ದೆ ನೀಲಿ, ಕೂದಲೆಳೆಯಷ್ಟೂ ಅಲುಗದೆ ಬರುತ್ತಿದೆ, ಅರ್ಧ ಸುತ್ತು, ಮುಕ್ಕಾಲು, ಎದೆಯೊಳಗೆ ಯಾರೋ ಬಾಗಿಲು ಬಡಿಯುತ್ತಾರೆ, ತಾಳು, ತಾಳು, ಇನ್ನು ನಾಲ್ಕೇ ಬೆರಳು — ಕೆಮ್ಮು. ಕೈ ಹಾರಿತು. ಗೆರೆ ಮೇಲೆದ್ದು, ಕೆಳಗಿಳಿದು, ಹೊರಟ ಜಾಗಕ್ಕೆ ಬಂದು ಕೂಡಿಕೊಂಡಿತು, ನಡುವೆ ಒಂದು ಉಬ್ಬು, ಹೊದಿಕೆಯೊಳಗೆ ಯಾರೋ ಮೊಣಕಾಲು ಮಡಿಸಿದ ಹಾಗೆ. ಇರ್ಲಿ ಬಿಡಿ ಅಮ್ಮಾ, ಮೇಡಂ ಸ್ಪಂಜು ಹಿಂಡಿ ಕೈ ಚಾಚಿದಳು. ಒರೆಸಬೇಡ. ಕೈ ತಪ್ಪಿದೆಯಲ್ಲಮ್ಮ. ತೆಗಿ ಕೈ ಅಂದೆ. ಮಣೆ ಇನ್ನೂ ತಿರುಗುತ್ತಿದೆ, ಉಬ್ಬು ಬಂತು, ಹೋಯಿತು, ಬಂತು — ಮೂವತ್ತೆಂಟು ವರ್ಷದ ಗೆರೆಗಳಲ್ಲಿ ಒಂದನ್ನಾದರೂ ಯಾರು ಎಳೆದದ್ದೆಂದು ಹೇಳಲು ಬರುತ್ತಿತ್ತೇ, ಮಿಷನ್ ಎಳೆದ ಹಾಗಿದೆ ಅಂತ ಹೊಗಳುತ್ತಿದ್ದರು, ಅದೂ ಒಂದು ಹೊಗಳಿಕೆ, ಇದೊಂದು ಮಾತ್ರ ಎದ್ದು ನಿಂತು ನಾನು ಅನ್ನುತ್ತಿದೆ. ಕುಂಚ ಮತ್ತೆ ಅದ್ದಿದಳು. ಮೊದಲ ಗೆರೆಯ ಕೆಳಗೆ ಕಡ್ಡಿಯಷ್ಟು ಜಾಗ ಬಿಟ್ಟು ಮುಟ್ಟಿಸಿದಳು, ಈ ಸಲ ಕೆಮ್ಮಿಗೆ ಕಾಯಲಿಲ್ಲ, ಉಬ್ಬು ಹತ್ತಿರ ಬಂದಾಗ ತಾನೇ ಕೈಯನ್ನು ಮೇಲಕ್ಕೆ ಸರಿಸಿದಳು, ಅಲ್ಲೇ ಬಾಯಿ ತೆರೆದು ಉಸಿರೆಳೆದುಕೊಂಡಳು, ಕೋಣೆಗೆಲ್ಲ ಕೇಳುವ ಹಾಗೆ, ಕೈ ಇಳಿಸಿದಳು, ಗೆರೆ ಕೂಡಿತು. ಮೂರನೆಯದು. ಅದೇ ಜಾಗ, ಅದೇ ಉಸಿರು. ಈಗ ಹೇಳೇ, ತಪ್ಪೋ ಕೈ ಮೂರು ಸಲ ಒಂದೇ ಕಡೆ ತಪ್ಪತ್ತಾ? ಮೇಡಂ ಬಗ್ಗಿದಳು, ಕನ್ನಡಕ ಹಣೆಗೇರಿಸಿದಳು, ಆರ್ಡರಲ್ಲಿ ಒಂದೇ ಗೆರೆ ಇರೋದಮ್ಮ. ಆರ್ಡರಿನವರಿಗೆ ಶ್ವಾಸಕೋಶ ಪೂರ್ತಿ ಇರಬೇಕು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಮೇಡಂ ನಗಲಿಲ್ಲ, ಸ್ಪಂಜನ್ನು ನೀರಿನ ಡಬ್ಬಿಗೆ ಹಾಕಿದಳು, ಬಣ್ಣ ಹಚ್ಚದ ಬೋಗುಣಿಗಳ ಕಪಾಟಿನ ಕಡೆ ನಡೆದಳು, ಸೆಟ್ ಆಗಬೇಕಾದ್ರೆ ಇಂಥದ್ದು ಆರು ಬೇಕು, ಆಗತ್ತಾ? ಆಗತ್ತಾ ಅಂತೆ, ಗೆರೆಯಮ್ಮ ಕುಂಚವನ್ನು ಮತ್ತೆ ನೀಲಿಗೆ ಅದ್ದಿದಳು, ಮಣೆ ನಿಧಾನವಾಗುತ್ತಿದೆ, ಮೂರು ನೀಲಿ ಗೆರೆಗಳು ಒಟ್ಟಿಗೆ ಏಳುತ್ತವೆ, ಉಸಿರು ತೆಗೆದುಕೊಳ್ಳುತ್ತವೆ, ಇಳಿಯುತ್ತವೆ, ಸುತ್ತಿ ಬಂದು ಮತ್ತೆ ಏಳುತ್ತವೆ, ಒದ್ದೆಯಾಗಿ, ಹೊಳೆಯುತ್ತಾ, ಏಳುತ್ತವೆ —